ಮೆದುಳಿಗೆ ಒಗ್ಗುವ ಹಾಗೆ 40 ನಿಮಿಷದ ಪೀರಿಯಡ್: ಮೇಷ್ಟ್ರು, ಟೀಚರ್‌ಗಳಿಗೆ ಒಂದು ಮಾರ್ಗದರ್ಶಿ

"ಅರ್ಥ ಆಯ್ತಾ?" ಎಂದು ಕೇಳಿದರೆ "ಆಯ್ತು ಸಾರ್" ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗುತ್ತದೆ. ಮುಂದಿನ ವಾರ ಅದೇ ಪಾಠದಿಂದ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. ಮುಂದಿನ ಬೆಂಚಿನ ಮೂರ್ನಾಲ್ಕು ಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ಕಿಟಕಿಯ ಕಡೆ ನೋಡುತ್ತಾರೆ. ಹಾಗಂತ ಮಕ್ಕಳು ಅವತ್ತು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ಅವರಿಗೆ ನಿಜಕ್ಕೂ ಅರ್ಥವಾಗಿತ್ತು. ಅರ್ಥವಾದದ್ದೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ನಮ್ಮ ಪೀರಿಯಡ್ಡಿನ ಹೆಚ್ಚಿನ ಸಮಯ ಹೇಳುವುದಕ್ಕೆ, ಬರೆಸುವುದಕ್ಕೆ ಹೋಗುತ್ತದೆ. ಅಂದರೆ ಮಕ್ಕಳ ತಲೆಗೆ ತುಂಬುವ ಕೆಲಸಕ್ಕೆ. ತುಂಬಿದ್ದನ್ನು ಮಕ್ಕಳೇ ಹೊರಗೆ ತೆಗೆಯುವ ಕೆಲಸಕ್ಕೆ ಪರೀಕ್ಷೆಯ ದಿನದವರೆಗೆ ಸಮಯವೇ ಸಿಗುವುದಿಲ್ಲ. ನೆನಪಿನ ಬಗ್ಗೆ ನೂರಕ್ಕೂ ಹೆಚ್ಚು ವರ್ಷ ನಡೆದ ಸಂಶೋಧನೆಯಿಂದ ಶಿಕ್ಷಕರು ಎತ್ತಿಕೊಳ್ಳಬೇಕಾದ ಮಾತು ಒಂದೇ ಇದ್ದರೆ ಅದು ಇದು: ಹೊರಗೆ ತೆಗೆಯುವಾಗಲೇ ನೆನಪು ಗಟ್ಟಿಯಾಗುತ್ತದೆ. ಈ ಲೇಖನದ ಹೆಚ್ಚಿನ ಹೆಜ್ಜೆಗಳು ಆ ಒಂದು ಮಾತಿನ ಸುತ್ತಲೇ ಇವೆ. ಸ್ಮಾರ್ಟ್ ಬೋರ್ಡ್ ಬೇಡ, ಆಪ್ ಬೇಡ. ರಫ್ ನೋಟ್ ಪುಸ್ತಕ, ಒಂದು ಡಬ್ಬಿ, ಗೋಡೆಯ ಕ್ಯಾಲೆಂಡರ್ ಇದ್ದರೆ ಸಾಕು.

ಮೊದಲು ಕಸ ಗುಡಿಸಿ

ಮೆದುಳಿನ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿರುವ ಸರಕಿನಲ್ಲಿ ಪೊಳ್ಳೇ ಜಾಸ್ತಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೇನ್ ಆಕ್ಟಿವೇಷನ್' ತರಬೇತಿಗೆ ಎಷ್ಟೋ ತಂದೆತಾಯಿ ಸಾವಿರಾರು ರೂಪಾಯಿ ಸುರಿದರು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತಾರೆ, ಅದರಲ್ಲಿ ಬೇರೆ ಪವಾಡ ಇಲ್ಲ ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಜನರ ಮುಂದೆಯೇ ತೋರಿಸಿಕೊಟ್ಟಿದ್ದಾರೆ. ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವೆ ಎನ್ನುವುದೂ ಕಟ್ಟುಕತೆ. 'ಈ ಮಗು ಬಲ ಮೆದುಳಿನದು, ಆ ಮಗು ಎಡ ಮೆದುಳಿನದು' ಎನ್ನುವುದೂ ಅಷ್ಟೇ.

ಇವೆಲ್ಲದರಲ್ಲಿ ಶಾಲೆಯೊಳಗೆ ಗಟ್ಟಿಯಾಗಿ ಬೇರೂರಿರುವುದು 'ಕಲಿಕಾ ಶೈಲಿ'. ಒಂದು ಮಗು ನೋಡಿ ಕಲಿಯುತ್ತದೆ, ಇನ್ನೊಂದು ಕೇಳಿ ಕಲಿಯುತ್ತದೆ, ಮತ್ತೊಂದು ಮಾಡಿ ಕಲಿಯುತ್ತದೆ, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಬೇಕು ಎಂದು ತರಬೇತಿಗಳಲ್ಲಿ ನಾವೆಲ್ಲ ಕೇಳಿದ್ದೇವೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಇದರ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸರಿಯಾದ ಆಧಾರ ಅವರಿಗೆ ಸಿಗಲಿಲ್ಲ. ಆದರೂ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಶಿಕ್ಷಕರು ಇದನ್ನು ನಂಬಿದ್ದರು. ನಾವೊಬ್ಬರೇ ಅಲ್ಲ ಬಿಡಿ. ನಕ್ಷೆ ಕಲಿಸಲು ನಕ್ಷೆ ತೋರಿಸಬೇಕು, ಪದ್ಯ ಕಲಿಸಲು ಹಾಡಬೇಕು. ಏನು ತೋರಿಸಬೇಕು, ಏನು ಕೇಳಿಸಬೇಕು ಎನ್ನುವುದನ್ನು ಪಾಠದ ವಿಷಯವೇ ಹೇಳುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೆದುಳಿನ ಸ್ಕ್ಯಾನ್ ನೋಡಿ ನಾಳೆಯ ಪಾಠ ಹೇಗೆ ಮಾಡಬೇಕು ಎಂದು ಯಾರೂ ಹೇಳಲಾರರು. ತರಗತಿಗೆ ಉಪಯೋಗಕ್ಕೆ ಬರುವ ತಿಳಿವಳಿಕೆಯ ಬಹುಪಾಲು ಮನಶ್ಶಾಸ್ತ್ರದ ಪ್ರಯೋಗಗಳಿಂದ ಬಂದದ್ದು. ಅದು ಒಳಗೆ ಹೇಗೆ ನಡೆಯುತ್ತದೆ ಎಂದು ವಿವರಿಸುವುದು ನರವಿಜ್ಞಾನದ ಪಾಲು. ಬಣ್ಣಬಣ್ಣದ ಮೆದುಳಿನ ಚಿತ್ರ ಹಾಕಿಕೊಂಡು ಯಾರಾದರೂ ಕಿಟ್ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ, ಸಾಕು.

ಮೊದಲ ಹೆಜ್ಜೆ: ಪೀರಿಯಡ್ಡಿನ ಮೊದಲ ಐದು ನಿಮಿಷ ಮಕ್ಕಳಿಗೆ

ಇದೊಂದನ್ನೇ ಮಾಡಿ ಉಳಿದದ್ದನ್ನೆಲ್ಲ ಬಿಟ್ಟರೂ ನನಗೆ ಬೇಜಾರಿಲ್ಲ.

ಕ್ಲಾಸಿಗೆ ಹೋದ ಕೂಡಲೇ ಬೋರ್ಡಿನ ಒಂದು ಮೂಲೆಯಲ್ಲಿ ಐದು ಪ್ರಶ್ನೆ ಬರೆಯಿರಿ. ಪಠ್ಯಪುಸ್ತಕ, ನೋಟ್ಸ್ ಎಲ್ಲ ಮುಚ್ಚಿರಬೇಕು. ರಫ್ ಪುಸ್ತಕದ ಹಿಂಬದಿಯಲ್ಲಿ ಪ್ರತಿಯೊಬ್ಬರೂ ಮಾತಾಡದೆ ಉತ್ತರ ಬರೆಯುತ್ತಾರೆ. ನೀವು ಹಾಜರಿ ಹಾಕುವ ಹೊತ್ತಿಗೆ ಅದು ಮುಗಿದಿರುತ್ತದೆ. ಆಮೇಲೆ ಸರಿ ಉತ್ತರ ಹೇಳಿ. ಮಕ್ಕಳೇ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಲಿ. ಅಂಕ ಬೇಡ, ರಿಜಿಸ್ಟರ್ ಬೇಡ, ಎದ್ದು ನಿಲ್ಲಿಸುವುದೂ ಬೇಡ.

ಐದೂ ಪ್ರಶ್ನೆ ನಿನ್ನೆಯ ಪಾಠದವೇ ಆಗಬಾರದು. 8ನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ನಡೆಯುತ್ತಿದೆ, ಅದಕ್ಕೂ ಮೊದಲು ಬೆಳೆಗಳ ಪಾಠ ಮುಗಿದಿದೆ ಎಂದಿಟ್ಟುಕೊಳ್ಳಿ. ಆಗ ಪ್ರಶ್ನೆಗಳು ಹೀಗಿರಬಹುದು. ಹಾಲು ಮೊಸರಾಗಲು ಕಾರಣವಾದ ಬ್ಯಾಕ್ಟೀರಿಯಾ ಯಾವುದು? ಯೀಸ್ಟ್ ಹಾಕಿದ ಹಿಟ್ಟು ಉಬ್ಬುವುದೇಕೆ? ಇವೆರಡು ನಿನ್ನೆಯವು. ಕಡಲೆ ಮುಂಗಾರಿನ ಬೆಳೆಯೋ ಹಿಂಗಾರಿನದೋ? ಇದು ಹಿಂದಿನ ಪಾಠದ್ದು. ಹೆಸರು, ಅಲಸಂದೆ ಬೆಳೆದ ಹೊಲಕ್ಕೆ ಮುಂದಿನ ಬೆಳೆಗೆ ಗೊಬ್ಬರ ಕಡಿಮೆ ಸಾಕಾಗುವುದೇಕೆ? ಇದಕ್ಕೆ ಎರಡೂ ಪಾಠ ಬೇಕು. ಬೇರಿನ ಗಂಟಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಸಾರಜನಕ ಹಿಡಿದಿಡುತ್ತದೆ ಎನ್ನುವುದು ಒಂದರಲ್ಲಿದ್ದರೆ, ಬೆಳೆ ಬದಲಾವಣೆ ಇನ್ನೊಂದರಲ್ಲಿದೆ. ಐದನೆಯದು ಹಿಂದಿನ ವರ್ಷದ್ದು: ದ್ಯುತಿಸಂಶ್ಲೇಷಣೆಗೆ ಗಿಡ ಗಾಳಿಯಿಂದ ಯಾವ ಅನಿಲ ತೆಗೆದುಕೊಳ್ಳುತ್ತದೆ? ನಾಲ್ಕನೆಯಂಥ ಪ್ರಶ್ನೆ ದಿನಕ್ಕೊಂದು ಇರಲಿ. ಹಳ್ಳಿ ಮಕ್ಕಳು ಇದಕ್ಕೆ ನಿಮಗಿಂತ ಚೆನ್ನಾಗಿ ಉತ್ತರ ಕೊಟ್ಟರೂ ಆಶ್ಚರ್ಯವಿಲ್ಲ.

ಇದು ಕೆಲಸ ಮಾಡುತ್ತದೆ ಎಂದು ಹೇಗೆ ನಂಬುವುದು? 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಶೇ. 81ಕ್ಕೆ ಶೇ. 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುವುಮುರುವಾಗಿತ್ತು. ಓದಿದವರಿಗೆ ಶೇ. 42 ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ ಶೇ. 56. ಇಲ್ಲೇ ನಾವು ಮೋಸ ಹೋಗುವುದು. ಮತ್ತೆ ಮತ್ತೆ ಓದಿದರೆ ಆ ಕ್ಷಣಕ್ಕೆ ಎಲ್ಲ ಬಂದಂತೆ ಅನ್ನಿಸುತ್ತದೆ. ಮಗುವಿಗೂ ಹಾಗೆ ಅನ್ನಿಸುತ್ತದೆ, ಮೇಷ್ಟ್ರಿಗೂ ಅನ್ನಿಸುತ್ತದೆ, ಸಂಜೆ ಬಾಯಿಪಾಠ ಒಪ್ಪಿಸಿಕೊಳ್ಳುವ ಅಮ್ಮನಿಗೂ ಅನ್ನಿಸುತ್ತದೆ. ಕಾಲೇಜಿನವರ ಮೇಲೆ ಮಾಡಿದ ಪ್ರಯೋಗ ನಮ್ಮ ಮಕ್ಕಳಿಗೆ ಹೊಂದೀತೇ ಎನ್ನುವುದು ಸರಿಯಾದ ಪ್ರಶ್ನೆಯೇ. ಆಮೇಲೆ ಇಲಿನಾಯ್ ರಾಜ್ಯದ ಒಂದು ಮಾಧ್ಯಮಿಕ ಶಾಲೆಯಲ್ಲಿ, ನಿಜವಾದ ಕ್ಲಾಸಿನಲ್ಲಿ, 8ನೇ ತರಗತಿಯ ವಿಜ್ಞಾನದಲ್ಲೇ ಇದನ್ನು ನೋಡಿದರು. ಆಗಾಗ ಸಣ್ಣ ಪ್ರಶ್ನೆ ಕೇಳಿದ್ದ ಭಾಗಗಳಲ್ಲಿ ಮಕ್ಕಳು ಚೆನ್ನಾಗಿ ಮಾಡಿದರು.

ಮೊದಲ ವಾರ ಗೊಣಗಾಟ ಇರುತ್ತದೆ. "ಸಾರ್, ಟೆಸ್ಟ್ ಅಂತ ಮೊದಲೇ ಹೇಳಿರಲಿಲ್ಲ" ಎನ್ನುತ್ತಾರೆ. ಇದು ಟೆಸ್ಟ್ ಅಲ್ಲ, ತಪ್ಪಾದರೆ ಏನೂ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ನಡೆದುಕೊಂಡು ತೋರಿಸಬೇಕು. ಒಂದು ದಿನ ಕೋಪ ಬಂದು ಎಲ್ಲರ ಅಂಕ ಓದಿ ಹೇಳಿದಿರೋ, ಮಾರನೇ ದಿನದಿಂದ ಪಕ್ಕದವನ ಪುಸ್ತಕ ನೋಡಿ ಬರೆಯುವುದು ಶುರುವಾಗುತ್ತದೆ.

ಎರಡನೇ ಹೆಜ್ಜೆ: ಹೊಸದನ್ನು ಸಣ್ಣ ತುತ್ತುಗಳಲ್ಲಿ ಕೊಡಿ

ಈ ಅಂಕಿಗಳನ್ನು ಒಂದು ಸಲ ನೋಡಿ, ಕಣ್ಣು ಮುಚ್ಚಿ ಹೇಳಿ: 1 9 4 7 1 9 5 6 1 9 7 3. ಹನ್ನೆರಡು ಅಂಕಿ. ಒಂದೊಂದೇ ಹಿಡಿಯಲು ಹೋದರೆ ಅರ್ಧದಲ್ಲೇ ಕೈತಪ್ಪುತ್ತವೆ. ಆದರೆ ಕನ್ನಡಿಗರಾದ ನಿಮಗೆ ಇದು ಮೂರೇ ತುಂಡು: ಸ್ವಾತಂತ್ರ್ಯ ಬಂದ ವರ್ಷ, ಏಕೀಕರಣದ ವರ್ಷ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ. ನಾಲ್ಕನೇ ತರಗತಿಯ ಮಗುವಿಗೆ ಅವು ಇನ್ನೂ ಹನ್ನೆರಡೇ.

ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದು ಕೆಲಸ ಮಾಡುವ ನೆನಪಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. 1956ರಲ್ಲಿ ಜಾರ್ಜ್ ಮಿಲ್ಲರ್ ಅದರ ಅಳತೆ ಸುಮಾರು ಏಳು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ಒಂದು ಗೂಡಂಗಡಿ ನೆನಪಿಸಿಕೊಳ್ಳಿ. ಹಿಂದಿನ ಗೋಡೌನ್ ಎಷ್ಟೇ ದೊಡ್ಡದಿರಲಿ, ಎದುರಿನ ಕೌಂಟರ್ ಮೇಲೆ ಹಿಡಿಸುವುದು ನಾಲ್ಕೇ ಸಾಮಾನು. ಐದನೆಯದು ಇಟ್ಟರೆ ಮೊದಲನೆಯದು ಕೆಳಗೆ ಬೀಳುತ್ತದೆ. ಗೋಡೌನಿನಲ್ಲಿ ಈಗಾಗಲೇ ಕಟ್ಟಿಟ್ಟ ಮೂಟೆ ಇದ್ದರೆ ಅದು ಕೌಂಟರಿಗೆ ಬಂದಾಗ ಒಂದೇ ಸಾಮಾನಿನ ಜಾಗ ಸಾಕು.

ಇದರಿಂದ ಕ್ಲಾಸಿನಲ್ಲಿ ಏನು ಬದಲಾಗಬೇಕು? ಒಂದು ಪೀರಿಯಡ್ಡಿನಲ್ಲಿ ಹೊಸ ಪದಗಳು ಮೂರೋ ನಾಲ್ಕೋ ಸಾಕು. ಇಂಗ್ಲಿಷ್ ಮಾಧ್ಯಮಕ್ಕೆ ಹೊಸದಾಗಿ ಬಂದ ಮಕ್ಕಳಿಗೆ ಇದು ಇನ್ನೂ ಮುಖ್ಯ. ಫೋಟೋಸಿಂಥೆಸಿಸ್, ಕ್ಲೋರೋಫಿಲ್, ಸ್ಟೊಮ್ಯಾಟಾ ಎನ್ನುವ ಮೂರು ಪದ ಹಿಡಿದುಕೊಳ್ಳುವುದರಲ್ಲೇ ಆ ಮಗುವಿನ ಕೌಂಟರ್ ಭರ್ತಿಯಾಗಿರುತ್ತದೆ. ಎಲೆಯೊಳಗೆ ಏನು ನಡೆಯುತ್ತದೆ ಎನ್ನುವುದಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲು ಸಂಗತಿಯನ್ನು ಮನೆಮಾತಿನಲ್ಲಿ ಹೇಳಿ. ಅದು ಗೊತ್ತಾದ ಮೇಲೆ ಪದ ಕೊಡಿ. ಹಾಗೆಯೇ ಬೋರ್ಡಿನ ಮೇಲೆ ಚಿತ್ರ ಒಂದು ಕಡೆ, ಭಾಗಗಳ ಹೆಸರು ಇನ್ನೊಂದು ಕಡೆ ಇದ್ದರೆ ಮಗು ಕಣ್ಣನ್ನು ಅತ್ತಿತ್ತ ಓಡಿಸುವುದರಲ್ಲೇ ಸುಸ್ತಾಗುತ್ತದೆ. ಹೆಸರನ್ನು ಚಿತ್ರದ ಮೇಲೆಯೇ ಬರೆಯಿರಿ. ನೀವು ಹೇಳುತ್ತಿರುವಾಗ ಬರೆದುಕೊಳ್ಳಿ ಎನ್ನಬೇಡಿ. ಕೇಳುವ ಹೊತ್ತಿಗೆ ಕೇಳಲಿ, ಬರೆಯುವ ಹೊತ್ತಿಗೆ ಬರೆಯಲಿ.

ಬಾಯಿಪಾಠದ ಬಗ್ಗೆ ಒಂದು ಮಾತು, ಜಗಳಕ್ಕೆ ಬಂದರೂ ಸರಿ. ಮಗ್ಗಿ ಬಾಯಿಪಾಠ ಮಾಡಿಸುವುದು ಹಳೇ ಕಾಲದ ಪದ್ಧತಿ, ಬಿಡಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. 7×8 ಎಷ್ಟು ಎಂದು ಬೆರಳು ಎಣಿಸುವ ಮಗು ಭಾಗಾಕಾರದ ನಡುವೆ ಯಾವ ಹೆಜ್ಜೆಯಲ್ಲಿದ್ದೆ ಎನ್ನುವುದನ್ನೇ ಮರೆಯುತ್ತದೆ. ಕನ್ನಡ ಓದುವುದಕ್ಕೂ ಇದೇ ಮಾತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮ ಮಕ್ಕಳು ಗುರುತು ಹಿಡಿಯಬೇಕಾದ ರೂಪಗಳು ನಾನೂರಕ್ಕೂ ಮೀರುತ್ತವೆ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಅಕ್ಷರ ಕಲಿಕೆ ನಮ್ಮಲ್ಲಿ ಒಂದನೇ ತರಗತಿಗೆ ಮುಗಿಯುವುದಿಲ್ಲ, ಮುಂದಿನ ತರಗತಿಗಳವರೆಗೂ ಹರಡುತ್ತದೆ. 'ಷ್ಟ್ರ' ಕಂಡಾಗ ತಡವರಿಸುವ 6ನೇ ತರಗತಿಯ ಮಗುವಿಗೆ ಸಾಲಿನ ಅರ್ಥ ಹಿಡಿಯಲು ಶಕ್ತಿ ಉಳಿಯುವುದಿಲ್ಲ. ಅದು ದಡ್ಡತನ ಅಲ್ಲ. ಅಂಥ ಮಗುವಿಗೆ ದಿನಕ್ಕೆ ಐದು ನಿಮಿಷ ಗಟ್ಟಿಯಾಗಿ ಓದಿಸುವುದು ಸಮಾಜ ವಿಜ್ಞಾನದ ಮೇಷ್ಟ್ರ ಕೆಲಸವೂ ಹೌದು. ಗೈಡಿನ ಪ್ರಶ್ನೋತ್ತರವನ್ನು ಅರ್ಥವಿಲ್ಲದೆ ಉರು ಹೊಡೆಸುವುದು ಬೇರೆ ಸಂಗತಿ. ಅದಕ್ಕೆ ನನ್ನ ಬೆಂಬಲ ಇಲ್ಲ.

ಮೂರನೇ ಹೆಜ್ಜೆ: ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ, ಆಮೇಲೆ ಒಂದೊಂದೇ ಸಾಲು ಅಳಿಸಿ

ಒಂದು ಲೆಕ್ಕ ತೋರಿಸಿ, "ಉಳಿದ ಹತ್ತು ನೀವೇ ಮಾಡಿ" ಎನ್ನುವುದು ನಮ್ಮಲ್ಲಿ ರೂಢಿ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದವರು. ಹೊಸದಾಗಿ ಕಲಿಯುವವರು ದಾರಿ ಹುಡುಕುವುದರಲ್ಲೇ ಶಕ್ತಿಯೆಲ್ಲ ಕಳೆದುಕೊಳ್ಳುತ್ತಾರೆ, ದಾರಿಯನ್ನು ಕಲಿಯಲು ಏನೂ ಉಳಿಯುವುದಿಲ್ಲ ಎನ್ನುವುದು ಅವರು ಕಂಡುಕೊಂಡ ಸಂಗತಿ. ಅಂಥವರಿಗೆ ಬಿಡಿಸಿದ ಲೆಕ್ಕಗಳೇ ಜಾಸ್ತಿ ಸಹಾಯ ಮಾಡುತ್ತವೆ.

2/3 + 1/4 ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಪೂರ್ತಿ ಬಿಡಿಸಿ. 3 ಮತ್ತು 4ರ ಲ.ಸಾ.ಅ. 12. 2/3 ಅಂದರೆ 8/12. 1/4 ಅಂದರೆ 3/12. ಒಟ್ಟು 11/12. ಇಲ್ಲಿ ನಿಲ್ಲಿಸಿ ಕೇಳಿ: "ಈ 12 ಎಲ್ಲಿಂದ ಬಂತು? 2 ಇದ್ದದ್ದು 8 ಯಾಕಾಯಿತು?" ಪಕ್ಕದವರಿಗೆ ಒಂದು ನಿಮಿಷ ವಿವರಿಸಲಿ. ಎರಡನೇ ಲೆಕ್ಕದಲ್ಲಿ ಕೊನೆಯ ಸಾಲು ಮಾತ್ರ ಖಾಲಿ ಬಿಡಿ. ಮೂರನೆಯದರಲ್ಲಿ ಕೊನೆಯ ಎರಡು ಸಾಲು. ನಾಲ್ಕನೆಯದರಲ್ಲಿ ಲ.ಸಾ.ಅ. ಮಾತ್ರ ಕೊಡಿ. ಐದನೆಯದು ಪೂರ್ತಿ ಅವರದು.

ಇದಾದ ಮೇಲೆ ತಪ್ಪು ಲೆಕ್ಕವೊಂದನ್ನು ಬೇಕಂತಲೇ ಬರೆಯಿರಿ: 2/3 + 1/4 = 3/7. ಪ್ರತಿ ಕ್ಲಾಸಿನಲ್ಲೂ ಹೀಗೆ ಮಾಡುವ ಮಕ್ಕಳು ಇದ್ದೇ ಇರುತ್ತಾರೆ. "3/7 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? 2/3 ಒಂದೇ ಅರ್ಧಕ್ಕಿಂತ ಹೆಚ್ಚಿದೆ, ಅದಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆಯಾಗುತ್ತಾ?" ಎಂದು ಕೇಳಿ. ಹಿಂದಿನ ಬೆಂಚಿನಿಂದ "ಅಯ್ಯೋ" ಎನ್ನುವ ದನಿ ಬಂದರೆ ಆ ತಪ್ಪು ಅಲ್ಲಿಗೆ ಸಡಿಲವಾಯಿತು ಎಂದು ತಿಳಿಯಿರಿ.

ಆದರೆ ಲೆಕ್ಕ ಚೆನ್ನಾಗಿ ಬರುವ ಮಕ್ಕಳಿಗೆ ಬಿಡಿಸಿದ ಲೆಕ್ಕ ಓದುವುದು ಬೇಸರ, ಕಲಿಕೆಗೂ ಅಡ್ಡಿ. ಅವರಿಗೆ ನೇರವಾಗಿ ಐದನೇ ಲೆಕ್ಕ ಕೊಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಪ್ರಶ್ನೆ ಕೇಳಿ, ಸುಮ್ನೆ ನಿಲ್ಲಿ

ಮೇರಿ ಬಡ್ ರೋ ಎನ್ನುವ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಯಾವತ್ತೂ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಮೂರು ಸೆಕೆಂಡ್ ಕೇಳಲು ಏನೂ ಅಲ್ಲ. ಬೋರ್ಡಿನ ಮುಂದೆ ನಿಂತಾಗ ಅದೊಂದು ಯುಗ. ಮನಸ್ಸಿನಲ್ಲೇ 'ಒಂದು... ಎರಡು... ಮೂರು...' ಎಂದು ಎಣಿಸಿಕೊಳ್ಳಿ.

ಹಾಜರಿ ನಂಬರ್ ಬರೆದ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಮೊದಲು ಪ್ರಶ್ನೆ, ಆಮೇಲೆ ಕಾಯುವುದು, ಕೊನೆಗೆ ಚೀಟಿ ಎತ್ತುವುದು. ಚೀಟಿ ಮೊದಲು ಎತ್ತಿದರೆ ಉಳಿದವರ ತಲೆ ಆಫ್ ಆಗುತ್ತದೆ. ಗೊತ್ತಿಲ್ಲ ಎಂದ ಮಗುವನ್ನು ಅಲ್ಲೇ ಬಿಡಬೇಡಿ. ಬೇರೆಯವರ ಉತ್ತರ ಕೇಳಿಸಿ, ಮತ್ತೆ ಅದೇ ಮಗುವಿನ ಹತ್ತಿರ ಬಂದು ಅದರ ಮಾತಿನಲ್ಲಿ ಹೇಳಿಸಿ. ಇನ್ನು 'ಅರ್ಥ ಆಯ್ತಾ' ಎನ್ನುವ ಪ್ರಶ್ನೆಯನ್ನು ಒಂದು ತಿಂಗಳು ರಜೆ ಮೇಲೆ ಕಳಿಸಿ.

ಐದನೇ ಹೆಜ್ಜೆ: ಮರೆಯಲು ಬಿಟ್ಟು ಮತ್ತೆ ಹಿಡಿಯಿರಿ

1885ರಲ್ಲಿ ಜರ್ಮನಿಯ ಹೆರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದ. ಮರೆವು ಮೊದಲ ದಿನವೇ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಕಂಡುಕೊಂಡ. ಕಲಿಕೆಯನ್ನು ದಿನಗಳ ಮೇಲೆ ಹರಡಿದರೆ ಕಡಿಮೆ ಶ್ರಮಕ್ಕೆ ಹೆಚ್ಚು ಉಳಿಯುತ್ತದೆ ಎನ್ನುವುದನ್ನೂ ಆತನೇ ಗುರುತಿಸಿದ.

ಎಷ್ಟು ಅಂತರ ಬೇಕು? 2008ರಲ್ಲಿ ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ನೋಡಿದರು. ಒಂದು ವಾರದ ನಂತರ ನೆನಪಿರಬೇಕಾದರೆ ಒಂದು ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. ಹೆಚ್ಚುಕಡಿಮೆ ಒಂದು ವರ್ಷದ ನಂತರ ನೆನಪಿರಬೇಕಾದರೆ ಸುಮಾರು ಮೂರು ವಾರದ ಅಂತರ. ನಮ್ಮ ಮಕ್ಕಳು ಜೂನ್‌ನಲ್ಲಿ ಕಲಿತದ್ದನ್ನು ಮಾರ್ಚ್‌ನಲ್ಲಿ ಬರೆಯಬೇಕು. ಎಫ್‌ಎ (ನಡುವಿನ ಸಣ್ಣ ಪರೀಕ್ಷೆ) ಮುಗಿದ ಪಾಠವನ್ನು ಎಸ್‌ಎ (ಅವಧಿಯ ಕೊನೆಯ ದೊಡ್ಡ ಪರೀಕ್ಷೆ) ಬರುವವರೆಗೆ ಮುಟ್ಟದೇ ಇದ್ದರೆ ಜನವರಿಯಲ್ಲಿ ಮೊದಲಿನಿಂದ ಪಾಠ ಮಾಡಬೇಕಾಗುತ್ತದೆ. ಪುನರಾವರ್ತನೆ ಎಂದು ನಾವು ಕರೆಯುವುದು ಎಷ್ಟೋ ಸಲ ಅದನ್ನೇ ಅಲ್ವಾ?

ಇದಕ್ಕೆ ಸ್ಟಾಫ್ ರೂಮಿನ ಗೋಡೆಯ ಮೇಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಕು. ಪಾಠ ಮುಗಿದ ದಿನ ಅದರ ಹೆಸರನ್ನು ಮುಂದಿನ ನಾಲ್ಕು ದಿನಾಂಕಗಳಲ್ಲಿ ಬರೆದುಬಿಡಿ: ಎರಡು ದಿನಕ್ಕೆ, ಹತ್ತು ದಿನಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ. ಬೆಳಿಗ್ಗೆ ಕ್ಯಾಲೆಂಡರ್ ನೋಡಿ. ಅವತ್ತಿನ ಹೆಸರಿನಿಂದ ಒಂದೆರಡು ಪ್ರಶ್ನೆ ಆ ಐದರಲ್ಲಿ ಸೇರಲಿ. ಅಂತರಗಳು ಕರಾರುವಾಕ್ಕಾಗಿ ಇರಬೇಕೆಂದೇನೂ ಇಲ್ಲ. ದಸರಾ ರಜೆ, ಕ್ರೀಡಾಕೂಟ, ಗಣತಿ ಡ್ಯೂಟಿ ಎಲ್ಲ ನಡುವೆ ಬರುತ್ತವೆ. ಎರಡು ದಿನ ಆಚೀಚೆಯಾದರೆ ಏನೂ ಕೆಡುವುದಿಲ್ಲ.

ಆರನೇ ಹೆಜ್ಜೆ: ಮನೆಗೆಲಸ ಕಲಸಿ ಕೊಡಿ

ಅಭ್ಯಾಸ 4.2 ಇಡೀ ರಿಯಾಯಿತಿ ಲೆಕ್ಕಗಳೇ ಆಗಿದ್ದರೆ ಮಗು ಪ್ರಶ್ನೆ ಓದುವ ಅಗತ್ಯವೇ ಇಲ್ಲ. ಮೇಲಿನ ಸೂತ್ರಕ್ಕೆ ಅಂಕಿ ತುಂಬಿದರೆ ಮುಗಿಯಿತು. ಪರೀಕ್ಷೆಯಲ್ಲಿ ಲೆಕ್ಕದ ಮೇಲೆ 'ಇದು ರಿಯಾಯಿತಿ' ಎಂದು ಬರೆದಿರುವುದಿಲ್ಲ.

ಈ ಮೂರನ್ನು ಒಟ್ಟಿಗೆ ಕೊಟ್ಟು ನೋಡಿ. 800 ರೂಪಾಯಿಯ ಅಂಗಿಗೆ ಶೇ. 10 ರಿಯಾಯಿತಿ ಇದೆ, ಎಷ್ಟು ಕೊಡಬೇಕು? 800 ರೂಪಾಯಿಗೆ ಶೇ. 10ರಂತೆ 2 ವರ್ಷಕ್ಕೆ ಸರಳ ಬಡ್ಡಿ ಎಷ್ಟು? 800 ರೂಪಾಯಿಗೆ ಕೊಂಡ ಮೊಬೈಲನ್ನು ಶೇ. 10 ಲಾಭಕ್ಕೆ ಮಾರಿದರೆ ಎಷ್ಟು ಬಂತು? ಅಂಕಿಗಳು ಅವೇ. ಉತ್ತರ 720, 160, 880. ಯಾವ ದಾರಿ ಹಿಡಿಯಬೇಕು ಎಂದು ಆರಿಸುವುದೇ ಇಲ್ಲಿನ ಕಲಿಕೆ.

ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆ ಬಗೆಯಾಗಿ ವಿಂಗಡಿಸಿ, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿದವರಿಗೆ ಶೇ. 89 ಸರಿ ಬಂತು, ಕಲಸಿದವರಿಗೆ ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿದವರು ಶೇ. 20ಕ್ಕೆ ಇಳಿದರು, ಕಲಸಿದವರು ಶೇ. 63ರಲ್ಲಿ ನಿಂತರು. ಹಾಗಾಗಿ ಮನೆಗೆಲಸದಲ್ಲಿ ತಪ್ಪು ಹೆಚ್ಚಾದರೆ ಗಾಬರಿ ಬೇಡ, ಪೋಷಕರಿಗೂ ಇದನ್ನು ಮೊದಲೇ ಹೇಳಿಡಿ. ಆದರೆ ಪಾಠದ ಮೊದಲ ದಿನವೇ ಕಲಸಬೇಡಿ. ಒಂದೊಂದು ಬಗೆಯೂ ಸ್ವಲ್ಪ ಕೈಗೆ ಬಂದ ಮೇಲೆ ಕಲಸಿ.

ನಿದ್ದೆ, ಊಟ, ಭಯ

ಪೀರಿಯಡ್ಡಿನ ಹೊರಗಿನ ಸಂಗತಿಗಳಿವು. ಆದರೂ ಬಿಡುವಂತಿಲ್ಲ.

1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಎನ್ನುವ ಭಾಗವನ್ನು ಬಹಳಷ್ಟು ತೆಗೆದರು. ಹಳೆಯದು ಬಹಳಷ್ಟು ನೆನಪಿತ್ತು, ಬುದ್ಧಿಶಕ್ತಿ ಹಾಗೇ ಇತ್ತು. ಆದರೆ ಆಮೇಲೆ ಭೇಟಿಯಾದ ಯಾರೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಹೊಸ ಅನುಭವ ಮೊದಲು ಹಾದು ಹೋಗಬೇಕಾದ ಜಾಗ ಅದು ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಹಗಲು ಕಲಿತದ್ದನ್ನು ಅಲ್ಲಿಂದ ಮೆದುಳಿನ ಹೊರಪದರದಲ್ಲಿ ಗಟ್ಟಿ ಮಾಡುವ ಕೆಲಸದ ದೊಡ್ಡ ಪಾಲು ನಡೆಯುವುದು ಗಾಢ ನಿದ್ದೆಯಲ್ಲಿ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ನಿದ್ರಾ ತಜ್ಞರ ಸಲಹೆ. ಆ ವಯಸ್ಸಿನಲ್ಲಿ ನಿದ್ದೆ ಬರುವುದೂ ತಡವಾಗುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಮಾಡಿ ಎಬ್ಬಿಸುವ ಮೇಷ್ಟ್ರುಗಳಿದ್ದಾರೆ. ಅವರ ಕಾಳಜಿ ದೊಡ್ಡದು. ಆದರೆ ಹನ್ನೊಂದಕ್ಕೆ ಮಲಗಿದ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸುವುದಕ್ಕಿಂತ, ಹತ್ತಕ್ಕೆ ಫೋನ್ ಮಾಡಿ "ಪುಸ್ತಕ ಮುಚ್ಚಿ ಮಲಗಮ್ಮ" ಎಂದರೆ ಅವಳ ನೆನಪಿಗೆ ಜಾಸ್ತಿ ಲಾಭ.

ಮೆದುಳಿನ ತೂಕ ದೇಹದ ಶೇ. 2ರಷ್ಟೇ, ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. ತಿಂಡಿ ತಿನ್ನದೆ ಬಂದ ಮಗು ಯಾರು ಎಂದು ತಿಳಿದುಕೊಳ್ಳುವುದೂ ಪಾಠದ ತಯಾರಿಯೇ. ಶಾಲೆಯಲ್ಲಿ ಹಾಲು ಕೊಡುವ ದಿನ ಕಷ್ಟದ ಹೊಸ ಪಾಠವನ್ನು ಅದಾದ ಮೇಲೆ ಇಟ್ಟುಕೊಳ್ಳಬಹುದು.

ಇನ್ನು ಬೆತ್ತ. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ, ಅದರ ಬಗ್ಗೆ ಚರ್ಚೆಯೇ ಬೇಡ. ಬೈಗುಳವೂ ಕಡಿಮೆಯೇನಲ್ಲ. ಒತ್ತಡದ ಹಾರ್ಮೋನ್ ಏರಿದಾಗ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ. ಗಣಿತದ ಭಯವಂತೂ ನೇರವಾಗಿ ವರ್ಕಿಂಗ್ ಮೆಮೊರಿಯ ಜಾಗವನ್ನೇ ತಿನ್ನುತ್ತದೆ. ಬೋರ್ಡಿನ ಮುಂದೆ ನಡುಗುತ್ತಾ ನಿಂತ ಮಗುವಿನ ತಲೆಯಲ್ಲಿ ಒಂದು ಕೋಣೆ ಲೆಕ್ಕಕ್ಕಿದ್ದರೆ ಮೂರು ಕೋಣೆ ನಿಮಗೆ.

ಶುರು ಮಾಡುವುದು ಹೇಗೆ

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ತರಗತಿ, ಒಂದು ವಿಷಯ ಆರಿಸಿಕೊಳ್ಳಿ. ಮೊದಲ ತಿಂಗಳು ಐದು ಪ್ರಶ್ನೆ ಮಾತ್ರ. ಎರಡನೇ ತಿಂಗಳು ಕ್ಯಾಲೆಂಡರ್ ಮತ್ತು ಚೀಟಿ ಡಬ್ಬಿ ಸೇರಿಸಿ. ಕಲಸಿದ ಮನೆಗೆಲಸ ಮೂರನೇ ತಿಂಗಳಿಗೆ ಇರಲಿ.

"ಪೋರ್ಷನ್ ಮುಗಿಯೋದು ಯಾವಾಗ?" ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಕೇಳಬೇಕಾದ್ದೇ. ಐದು ನಿಮಿಷವನ್ನು ಪಾಠದಿಂದ ಕತ್ತರಿಸಬೇಡಿ, ನೋಟ್ಸ್ ಬರೆಸುವುದರಿಂದ ಕತ್ತರಿಸಿ. ಪಠ್ಯಪುಸ್ತಕದಲ್ಲಿ ಇರುವುದನ್ನೇ ಬೋರ್ಡಿಗೆ, ಬೋರ್ಡಿನಿಂದ ನೋಟ್ಸಿಗೆ ಇಳಿಸುವ ಹೊತ್ತಿನಲ್ಲಿ ಮಗುವಿನ ಕೈ ಮಾತ್ರ ಕೆಲಸ ಮಾಡುತ್ತದೆ. ನೋಟ್ಸ್ ಬೇಕೇ ಬೇಕು ಎಂದರೆ ಮೊದಲು ಪುಸ್ತಕ ಮುಚ್ಚಿ ತೋಚಿದ್ದನ್ನು ಬರೆಸಿ, ಆಮೇಲೆ ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ತುಂಬಿಸಿ. ತಪಾಸಣೆಗೆ ಬಂದವರಿಗೂ ತೋರಿಸಲು ಪುಸ್ತಕ ಇರುತ್ತದೆ.

ಕೆಲಸ ಆಗುತ್ತಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಹೆಚ್ಚುಕಡಿಮೆ ಒಂದೇ ಕಷ್ಟದ ಎರಡು ಪಾಠ ತೆಗೆದುಕೊಳ್ಳಿ. ಒಂದಕ್ಕೆ ಈ ಪ್ರಶ್ನೆಗಳ ಕ್ರಮ, ಇನ್ನೊಂದಕ್ಕೆ ನಿಮ್ಮ ಎಂದಿನ ರೀತಿ. ಮೂರು ವಾರ ಬಿಟ್ಟು, ಮೊದಲೇ ಹೇಳದೆ, ಎರಡರಿಂದಲೂ ಹತ್ತು ಹತ್ತು ಪ್ರಶ್ನೆ ಕೊಡಿ. ಐದು ಪ್ರಶ್ನೆಯಲ್ಲಿ ಕೇಳಿದ್ದನ್ನೇ ಪದಕ್ಕೆ ಪದ ಕೇಳಬೇಡಿ. ಮುಂದಿನ ಬೆಂಚಿನವರ ಪೇಪರ್ ಬದಿಗಿಡಿ, ಅವರು ಹೇಗೆ ಕಲಿಸಿದರೂ ಬರೆಯುತ್ತಾರೆ. ನಡುವಿನ ಮತ್ತು ಹಿಂದಿನ ಬೆಂಚಿನವರ ಪೇಪರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವೇ ಕಾಣದಿದ್ದರೆ ಮೊದಲು ನಿಮ್ಮ ಐದು ಪ್ರಶ್ನೆಗಳನ್ನು ತಿರುಗಿ ಓದಿ. ಎಲ್ಲವೂ 'ಯಾವುದು, ಯಾರು, ಎಷ್ಟು' ಆಗಿದ್ದರೆ ಎರಡನ್ನು 'ಯಾಕೆ'ಗೆ ಬದಲಾಯಿಸಿ. ಕ್ಲಾಸಿನ ಬಹುಪಾಲು ಮಕ್ಕಳಿಗೆ ಐದರಲ್ಲಿ ಒಂದೂ ಬರುತ್ತಿಲ್ಲ ಎಂದಾದರೆ ಪ್ರಶ್ನೆಯದಲ್ಲ ತೊಂದರೆ. ಆ ಪಾಠವನ್ನು ಎರಡನೇ ಹೆಜ್ಜೆಯಿಂದ ಮತ್ತೆ ಮಾಡಿ, ಈ ಸಲ ಇನ್ನೂ ಸಣ್ಣ ತುತ್ತಿನಲ್ಲಿ.